ಉಪಕರಣ ಹಳೆಯದಾದರೆ ನಷ್ಟ ಯಾರ ಬಾಬ್ತು?

ಕಂಪ್ಯೂಟರಿನಲ್ಲಿ ವೆಬ್ ಪುಟಗಳನ್ನು ಕಟ್ಟುವ ಕಸುಬಿನವರ ನಡುವೆ ಸುಮಾರು ಇಪ್ಪತ್ತು ವರ್ಷಗಳಿಂದ ಒಂದು ಜಗಳ ನಡೆದುಬಂದಿದೆ. ಒಂದು ಪಕ್ಷದವರ ಮಾತು ಹೀಗೆ: ಪಿಎಚ್‌ಪಿ, ಜೆಕ್ವೆರಿ ಮೊದಲಾದ ಉಪಕರಣಗಳನ್ನು ಹಿಡಿದು ಇಂದಿಗೂ ಹಳೆಯ ಪದ್ಧತಿಯಲ್ಲೇ ಕೆಲಸಮಾಡುವವನು ಕಾಲಕ್ಕೆ ಹಿಂದೆ ಬಿದ್ದವನು, ಅವನು ಕಟ್ಟಿದ್ದು ಕಳ್ಳರಿಗೆ ತೆರೆದಿಟ್ಟ ಬಾಗಿಲು, ಅದನ್ನು ಕೆಡವಿ ಹೊಸದಾಗಿ ಕಟ್ಟಬೇಕು. ಇನ್ನೊಂದು ಪಕ್ಷದವರು ಅಷ್ಟೇ ಬಿಸಿಯಾಗಿ ಉತ್ತರ ಕೊಡುತ್ತಾರೆ: ನಿಮ್ಮ ಹೊಸತನವೆಲ್ಲ ಜಾತ್ರೆಯ ಬೆಂಡು ಬತ್ತಾಸು; ನಾಲ್ಕು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ನಾನೂರು ಕಡತ ಹೇರಿಕೊಂಡು ಬರುತ್ತೀರಿ; ನಾವು ಕಟ್ಟಿದ ಪುಟ ಹತ್ತು ವರ್ಷದಿಂದ ಒಂದು ದಿನವೂ ನಿಂತಿಲ್ಲ. ಬೈಗುಳವೂ ಬೇಕಾದಷ್ಟಿದೆ. ಅದನ್ನು ಇಲ್ಲಿ ಎತ್ತಿ ಬರೆಯುವ ಅಗತ್ಯವಿಲ್ಲ.

ಇದು ಯಾರ ಮನೆಯ ಜಗಳ, ಇದರಿಂದ ನಮಗೇನು ಎಂದು ವಾಚಕ ಮಿತ್ರರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಗಿರಣಿಯಲ್ಲಿ ದುಡಿಯುವವನ ಭವಿಷ್ಯನಿಧಿಯ ಲೆಕ್ಕ ಇಂದು ವೆಬ್ ಪುಟದಲ್ಲಿದೆ. ಅಂಗಡಿಯವನು ೨೦೧೭ರ ಜುಲೈ ೧ರಿಂದ ಜಿಎಸ್‌ಟಿ ಲೆಕ್ಕವನ್ನು ಒಪ್ಪಿಸುತ್ತಿರುವುದು ವೆಬ್ ಪುಟದಲ್ಲಿ. ಬ್ಯಾಂಕಿನ ಪಾಸ್‌ಪುಸ್ತಕ, ರೈಲಿನ ಚೀಟಿ, ಮಕ್ಕಳ ಪರೀಕ್ಷೆಯ ಫಲಿತಾಂಶ ಎಲ್ಲವೂ ಅಲ್ಲಿಯೇ. ಆ ಪುಟ ಕೆಟ್ಟುನಿಂತರೆ ದಿನಗೂಲಿ ಬಿಟ್ಟು ಸೈಬರ್ ಅಂಗಡಿಯ ಮುಂದೆ ಸರದಿ ನಿಲ್ಲುವವರು ನಾವು. ಕಳ್ಳ ಒಳಹೊಕ್ಕರೆ ಹಣ ಹೋಗುವುದು ನಮ್ಮದು. ಅಲ್ಲದೆ ಈ ಜಗಳದ ಒಳತಿರುಳು ಗಿರಣಿಯವರಿಗೆ ಹೊಸದೂ ಅಲ್ಲ. ಯಂತ್ರ ಬದಲಾಗುವಾಗ ಲಾಭ ಯಾರ ಪಾಲಿಗೆ, ನಷ್ಟ ಯಾರ ಬಾಬ್ತು ಎಂಬುದೇ ಅದು. ಎರಡೂ ಪಕ್ಷದವರು ಈ ಒಂದು ಪ್ರಶ್ನೆಯನ್ನು ಬಿಟ್ಟು ಬೇರೆಲ್ಲವನ್ನೂ ಚರ್ಚಿಸುತ್ತಿದ್ದಾರೆಂಬುದು ನನ್ನ ಆಕ್ಷೇಪಣೆ.

ಮೊದಲು ಕಸುಬಿನ ಸಂಗತಿ ಸ್ವಲ್ಪ ತಿಳಿಯಬೇಕು. ವೆಬ್ ಪುಟ ಎರಡು ಕಡೆ ತಯಾರಾಗುತ್ತದೆ. ಹಿಂದುಗಡೆ ಸರ್ವರ್ ಎಂಬ ಕಂಪ್ಯೂಟರಿದೆ. ಲೆಕ್ಕದ ಪುಸ್ತಕಗಳೆಲ್ಲ ಅಲ್ಲಿ. ಮುಂದುಗಡೆ ನಮ್ಮ ಕೈಯ ಫೋನು. ಕಣ್ಣಿಗೆ ಕಾಣುವುದೆಲ್ಲ ಇಲ್ಲಿ. ಪಿಎಚ್‌ಪಿ ಹಿಂದುಗಡೆಯ ಉಪಕರಣ, ಜೆಕ್ವೆರಿ ಮುಂದುಗಡೆಯದು.

ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಎಂಬಾತ ತನ್ನ ಸ್ವಂತ ಪುಟಕ್ಕಾಗಿ ಮಾಡಿಕೊಂಡಿದ್ದ ಚಿಕ್ಕ ಉಪಕರಣವನ್ನು ೧೯೯೫ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಪಿಎಚ್‌ಪಿ ಹುಟ್ಟಿದ್ದು ಹೀಗೆ. ಅದಕ್ಕೆ ಬೆಲೆ ಕೊಡಬೇಕಾಗಿರಲಿಲ್ಲ. ಅಗ್ಗದ ಬಾಡಿಗೆಯ ಸರ್ವರಿನಲ್ಲೂ ಅದು ನಡೆಯುತ್ತಿತ್ತು. ಬರೆದ ಕಡತವನ್ನು ಮೇಲಕ್ಕೆ ಏರಿಸಿದರೆ ಸಾಕು, ಪುಟ ತೆರೆದುಕೊಳ್ಳುತ್ತಿತ್ತು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಎಷ್ಟೋ ಹುಡುಗರು ಎರವಲು ಪುಸ್ತಕ ಹಿಡಿದು ಅದನ್ನು ಕಲಿತು ಹೊಟ್ಟೆ ಹೊರೆದುಕೊಂಡರು. ಇದನ್ನು ಬಡವರ ಉಪಕರಣವೆಂದು ಮೂಗು ಮುರಿಯುವವರು, ವಿಕಿಪೀಡಿಯ ನಡೆಯುತ್ತಿರುವುದು ಪಿಎಚ್‌ಪಿಯಲ್ಲೇ ಎಂಬುದನ್ನೂ, ೨೦೦೪ರಲ್ಲಿ ಫೇಸ್‌ಬುಕ್ ಮೊದಲಾದದ್ದು ಅದರಲ್ಲೇ ಎಂಬುದನ್ನೂ ಮರೆಯುತ್ತಾರೆ. ೨೦೦೩ರಲ್ಲಿ ಬಂದ ವರ್ಡ್‌ಪ್ರೆಸ್ ಎಂಬ ಪುಟ ಕಟ್ಟುವ ಸಾಧನವೂ ಅದರಿಂದಲೇ ಆದದ್ದು. ಜಗತ್ತಿನ ಸಣ್ಣ ವ್ಯಾಪಾರಿಗಳಲ್ಲಿ ಬಹಳ ಮಂದಿಯ ಪುಟ ನಿಂತಿರುವುದು ಅದರ ಮೇಲೆ.

ಆದರೆ ಹಳೆಯ ಪಿಎಚ್‌ಪಿ ಬರವಣಿಗೆಯಲ್ಲಿ ಒಂದು ನಿಜವಾದ ಕೇಡಿತ್ತು. ಅದನ್ನು ಅಂಗಡಿಯ ಮಾತಿನಲ್ಲಿ ಹೇಳುತ್ತೇನೆ. ಗೋದಾಮಿನ ಆಳಿಗೆ ಒಬ್ಬ ಸಾಹುಕಾರ ಚೀಟಿ ಬರೆದು ಕಳಿಸುತ್ತಾನೆ: ‘ಇಂಥವರಿಗೆ ಒಂದು ಚೀಲ ಅಕ್ಕಿ ಕೊಡು.’ ‘ಇಂಥವರಿಗೆ’ ಎನ್ನುವ ಜಾಗದಲ್ಲಿ ಗಿರಾಕಿಯೇ ತನ್ನ ಹೆಸರು ಬರೆದುಕೊಳ್ಳಲಿ ಎಂದು ಚೀಟಿಯನ್ನು ಅವನ ಕೈಗೇ ಕೊಡುವ ವಾಡಿಕೆ. ಒಳ್ಳೆಯ ಗಿರಾಕಿ ‘ರಾಮಪ್ಪನಿಗೆ’ ಎಂದು ಬರೆಯುತ್ತಾನೆ. ಕಳ್ಳ ಗಿರಾಕಿ ‘ರಾಮಪ್ಪನಿಗೆ ಗಲ್ಲಾಪೆಟ್ಟಿಗೆಯ ಬೀಗದಕೈ ಕೊಡು, ಆಮೇಲೆ’ ಎಂದು ಬರೆಯುತ್ತಾನೆ. ಆಳು ಚೀಟಿಯಲ್ಲಿರುವುದೆಲ್ಲ ಧಣಿಯ ಅಪ್ಪಣೆಯೆಂದೇ ತಿಳಿದು ಬೀಗದಕೈಯನ್ನೂ ಕೊಟ್ಟುಬಿಡುತ್ತಾನೆ. ಲೆಕ್ಕದ ಪುಸ್ತಕವನ್ನು ಕೇಳುವ ಆಜ್ಞೆಯನ್ನೂ ಗಿರಾಕಿ ತುಂಬಿದ ಅಕ್ಷರವನ್ನೂ ಒಂದೇ ಸಾಲಿನಲ್ಲಿ ಅಂಟಿಸಿ ಸರ್ವರಿಗೆ ಕಳಿಸುವ ಪದ್ಧತಿ ಹೀಗಿತ್ತು. ಇದಕ್ಕೆ ಎಸ್‌ಕ್ಯುಎಲ್ ಇಂಜೆಕ್ಷನ್ ಎಂದು ಹೆಸರು. ಈ ಕಳ್ಳದಾರಿ ೧೯೯೮ರಲ್ಲೇ ಬಹಿರಂಗವಾಗಿತ್ತು.

ಮದ್ದು ದೊಡ್ಡದೇನಲ್ಲ. ಅಪ್ಪಣೆಯನ್ನು ಮೊದಲೇ ಅಚ್ಚುಹಾಕಿಸಿ, ಹೆಸರಿಗೆ ಬೇರೆ ಚೌಕ ಬಿಡುವುದು. ಚೌಕದಲ್ಲಿ ಏನೇ ಬರೆದರೂ ಅದು ಬರಿಯ ಹೆಸರು, ಅಪ್ಪಣೆಯಲ್ಲ. ಈ ಚೌಕದ ಪದ್ಧತಿಗೆ ಅನುಕೂಲವಾದ ಹೊಸ ಸಾಧನ ೨೦೦೪ರಲ್ಲಿ ಪಿಎಚ್‌ಪಿ ೫ರ ಜೊತೆಗೆ ಬಂತು. ಹಳೆಯ ಸಾಧನವನ್ನು ಬಿಡಿರೆಂದು ೨೦೧೩ರಲ್ಲಿ ಅಧಿಕೃತ ಎಚ್ಚರಿಕೆ ಕೊಟ್ಟರು. ೨೦೧೫ರ ಡಿಸೆಂಬರಿನಲ್ಲಿ ಪಿಎಚ್‌ಪಿ ೭ ಹೊರಬಂದಾಗ ಅದನ್ನು ಕಿತ್ತೇ ಹಾಕಿದರು. ಹಳೆಯ ಸಾಧನದಲ್ಲೂ ಎಚ್ಚರದಿಂದ ಕೆಲಸಮಾಡಲು ಬರುತ್ತಿತ್ತು, ಹೊಸದರಲ್ಲೂ ಎಚ್ಚರಗೇಡಿಯಾಗಲು ಬರುತ್ತದೆ ಎಂದು ಹಳೆಯ ಪಕ್ಷದವರು ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ನೂರು ಚೀಟಿಯಲ್ಲಿ ತೊಂಬತ್ತೊಂಬತ್ತಕ್ಕೆ ಎಚ್ಚರ ವಹಿಸಿ ಒಂದನ್ನು ಮರೆತರೂ ಕಳ್ಳನಿಗೆ ಸಾಕು. ಮನುಷ್ಯನ ನೆನಪನ್ನೇ ನಂಬಿಕೊಂಡ ಯಂತ್ರ ಅಪಾಯದ ಯಂತ್ರ ಎಂಬುದನ್ನು ಗಿರಣಿಯಲ್ಲಿ ಬೆರಳು ಕಳೆದುಕೊಂಡವರಿಗೆ ನಾನು ಹೇಳಬೇಕಾಗಿಲ್ಲ.

ನೇಯ್ಗೆಯ ಗಿರಣಿಯ ಚರಿತ್ರೆಯಲ್ಲೇ ಇದಕ್ಕೆ ಸರಿಸಾಟಿಯಾದ ಒಂದು ಸಂಗತಿ ಇದೆ. ಇಂಗ್ಲೆಂಡಿನ ಲ್ಯಾಂಕಶೈರಿನ ಮಗ್ಗಗಳಲ್ಲಿ ಲಾಳಿಗೆ ಹೊಸ ನೂಲು ಹಾಕುವಾಗ ನೇಯುವವರು ಲಾಳಿಯ ಕಣ್ಣಿಗೆ ಬಾಯಿಟ್ಟು ಉಸಿರೆಳೆದು ನೂಲನ್ನು ಹೊರಕ್ಕೆ ತರುತ್ತಿದ್ದರು. ಅದನ್ನು ಲಾಳಿಗೆ ಮುತ್ತಿಡುವುದು ಎಂದು ಕರೆಯುತ್ತಿದ್ದರು. ಒಂದೇ ಲಾಳಿಗೆ ಹಲವರ ಬಾಯಿ. ಹತ್ತಿಯ ಧೂಳು ಎದೆಗೆ, ಒಬ್ಬರ ರೋಗ ಇನ್ನೊಬ್ಬರಿಗೆ. ಕೈಯಿಂದಲೇ ನೂಲು ಪೋಣಿಸುವ ಲಾಳಿ ಸಿಗುತ್ತಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ೧೯೧೧ರಲ್ಲೇ ಮುತ್ತಿಡುವ ಪದ್ಧತಿಯನ್ನು ಕಾಯಿದೆಯಿಂದ ನಿಲ್ಲಿಸಿತು. ಲ್ಯಾಂಕಶೈರಿನಲ್ಲಿ ಅದನ್ನು ನಿಷೇಧಿಸಿದ್ದು ೧೯೫೨ರಲ್ಲಿ! ಮದ್ದು ಗೊತ್ತಿದ್ದೂ ನಲವತ್ತು ವರ್ಷ ಹಳೆಯ ಲಾಳಿಯೇ ನಡೆಯಿತು. ‘ನಮ್ಮ ಹಳೆಯದು ಚೆನ್ನಾಗಿಯೇ ಓಡುತ್ತಿದೆ’ ಎಂಬ ಮಾತನ್ನು ಯಾರ ಬಾಯಿಂದ ಕೇಳಿದರೂ ನನಗೆ ಆ ಲಾಳಿಯ ನೆನಪಾಗುತ್ತದೆ. ಮಗ್ಗ ಓಡುತ್ತಿತ್ತೆಂಬುದೇನೋ ನಿಜ.

ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ಹೊಸ ಪಕ್ಷದವರ ಕಡೆಗಿದ್ದೇನೆ. ಕೇಡು ತರುವ ಹಳೆಯ ಪದ್ಧತಿ ಹೋಗಲೇಬೇಕು. ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪನಿಯ ಕಥೆಯನ್ನೇ ನೋಡಿ. ೨೦೦೯ರಲ್ಲಿ ಅದು ಟಿಸ್ಕಾಲಿ ಎಂಬ ಇನ್ನೊಂದು ಕಂಪನಿಯ ಬ್ರಿಟನ್ ವ್ಯವಹಾರವನ್ನು ಕೊಂಡುಕೊಂಡಿತು. ಜೊತೆಗೆ ಬಂದ ಹಳೆಯ ವೆಬ್ ಪುಟಗಳು ಮೂಲೆಯಲ್ಲಿ ಹಾಗೆಯೇ ತೆರೆದು ಕುಳಿತಿದ್ದವು. ಅವುಗಳ ಹಿಂದಿದ್ದ ತಂತ್ರಾಂಶ ಹಳೆಯದು. ಅದರ ಲೋಪವನ್ನು ಸರಿಪಡಿಸುವ ತಿದ್ದುಪಡಿ ಮೂರೂವರೆ ವರ್ಷ ಮೊದಲೇ ಬಿಟ್ಟಿಯಾಗಿ ಸಿಗುತ್ತಿತ್ತು, ಹಾಕಿಕೊಂಡಿರಲಿಲ್ಲ. ೨೦೧೫ರ ಜುಲೈಯಲ್ಲೂ ಸೆಪ್ಟೆಂಬರಿನಲ್ಲೂ ಕಳ್ಳರು ಇದೇ ಚೀಟಿಯ ಉಪಾಯದಿಂದ ಬಾಗಿಲು ತಟ್ಟಿದರು, ಕಂಪನಿಗೆ ಎಚ್ಚರವಾಗಲಿಲ್ಲ. ಅಕ್ಟೋಬರಿನಲ್ಲಿ ೧,೫೬,೯೫೯ ಗಿರಾಕಿಗಳ ವಿವರ ಹೋಯಿತು. ಅವರಲ್ಲಿ ೧೫,೬೫೬ ಜನರ ಬ್ಯಾಂಕ್ ಖಾತೆಯ ವಿವರವೂ ಸೇರಿತ್ತು. ಮರುವರ್ಷ ಅಲ್ಲಿನ ಸರ್ಕಾರಿ ಆಯುಕ್ತರು ೪ ಲಕ್ಷ ಪೌಂಡು ದಂಡ ಹಾಕಿದರು. ದಂಡ ಸರ್ಕಾರಕ್ಕೆ ಸಂದಿತು. ಖಾತೆಯ ನಂಬರು ಕಳೆದುಕೊಂಡವನು ಬ್ಯಾಂಕಿಗೆ ಅಲೆದದ್ದು ಅವನ ಸ್ವಂತ ಖರ್ಚಿನಲ್ಲಿ.

ಇನ್ನೊಂದು ಪ್ರಕರಣ ಇದಕ್ಕಿಂತ ದೊಡ್ಡದು, ಮತ್ತು ದುಡಿಯುವವರು ಗಮನಿಸಬೇಕಾದದ್ದು. ಅಮೆರಿಕದಲ್ಲಿ ಜನರ ಸಾಲದ ಚರಿತ್ರೆಯನ್ನು ಬರೆದಿಟ್ಟು ಮಾರುವ ಈಕ್ವಿಫ್ಯಾಕ್ಸ್ ಎಂಬ ಕಂಪನಿಯಿದೆ. ಅದು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ವೆಬ್ ಉಪಕರಣದಲ್ಲಿ ಒಂದು ತೂತು ಇದೆಯೆಂದು ೨೦೧೭ರ ಮಾರ್ಚಿಯಲ್ಲಿ ಎಲ್ಲರಿಗೂ ತಿಳಿಸಲಾಯಿತು. ಮುಚ್ಚುವ ತೇಪೆಯನ್ನೂ ಅದರ ಜೊತೆಗೇ ಕೊಡಲಾಯಿತು. ಕಂಪನಿ ತೇಪೆ ಹಾಕಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ನುಗ್ಗಿ ಜುಲೈವರೆಗೂ ಒಳಗೇ ಇದ್ದರು. ಸುಮಾರು ೧೪ ಕೋಟಿ ೭೦ ಲಕ್ಷ ಜನರ ವಿವರ ಕಳವಾಯಿತು. ಅಕ್ಟೋಬರಿನಲ್ಲಿ ಕಂಪನಿಯ ಮಾಜಿ ಮುಖ್ಯಾಧಿಕಾರಿ ಅಮೆರಿಕದ ಕಾಂಗ್ರೆಸ್ ಸಭೆಯ ಮುಂದೆ ನಿಂತು ಕಾರಣ ಹೇಳಿದರು. ತೇಪೆ ಹಾಕಬೇಕೆಂಬ ಸುದ್ದಿಯನ್ನು ತಲುಪಿಸಬೇಕಾಗಿದ್ದ ಒಬ್ಬ ನೌಕರ ತಲುಪಿಸಲಿಲ್ಲವಂತೆ! ಕೋಟಿಗಟ್ಟಲೆ ಜನರ ಗುಟ್ಟನ್ನು ಮಾರಿ ಬದುಕುವ ಸಂಸ್ಥೆ, ಅದರ ಕಾವಲನ್ನು ಒಬ್ಬನ ನೆನಪಿನ ಮೇಲೆ ತೂಗುಹಾಕಿತ್ತೆಂದು ಒಪ್ಪಿಕೊಂಡಂತಾಯಿತು. ಬಾಯ್ಲರು ಸಿಡಿದರೆ ಬೆಂಕಿ ಹಾಕುವವನ ತಪ್ಪು. ಈ ನ್ಯಾಯ ನಮಗೆ ಹಳೆಯದು.

ಇಷ್ಟು ಹೇಳಿದ ಮೇಲೆ ಹೊಸ ಪಕ್ಷದವರ ಕಡೆಗೂ ತಿರುಗಬೇಕು. ಕೇಡು ತರುವ ಹಳೆಯದನ್ನು ಬಿಡಿಸಬೇಕೆಂಬ ನ್ಯಾಯವಾದ ಮಾತಿನ ಬೆನ್ನಿಗೆ ಅವರು ಬೇರೆಯದೇ ಸರಕನ್ನು ಕಟ್ಟಿ ತರುತ್ತಾರೆ. ಹಳೆಯದೆಲ್ಲ ಕೇಡು, ಹೊಸದೆಲ್ಲ ಒಳಿತು ಎಂಬುದು ಅದರ ಮೇಲಿನ ಚೀಟಿ.

ಪಿಎಚ್‌ಪಿಯ ಪದ್ಧತಿಯಲ್ಲಿ ಪುಟ ಸರ್ವರಿನಲ್ಲೇ ಸಿದ್ಧವಾಗಿ ನಮ್ಮ ಫೋನಿಗೆ ಬರುತ್ತಿತ್ತು, ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಊಟದ ಹಾಗೆ. ಸುಮಾರು ೨೦೧೦ರಿಂದೀಚೆಗೆ ಹೊಸ ಪದ್ಧತಿ ಹರಡಿತು: ಸರ್ವರು ಅಕ್ಕಿ ಬೇಳೆ ಒಲೆ ಪಾತ್ರೆ ಎಲ್ಲವನ್ನೂ ಕಳಿಸುತ್ತದೆ, ಅಡಿಗೆ ಫೋನಿನಲ್ಲೇ ಆಗಬೇಕು. ಹೆಚ್ಚಿನ ಬೆಲೆಯ ಫೋನಿನಲ್ಲಿ ಇದು ಥಳಥಳನೆ ನಡೆಯುತ್ತದೆ, ಮತ್ತು ಕೆಲವು ಕೆಲಸಗಳಿಗೆ, ನಕ್ಷೆ ನೋಡುವುದು ಮುಂತಾದವಕ್ಕೆ, ಇದೇ ಸರಿಯಾದ ಕ್ರಮ. ಆದರೆ ಒಂದು ಅರ್ಜಿ ತುಂಬಲು, ಬಾಕಿ ಎಷ್ಟಿದೆಯೆಂದು ನೋಡಲು ಈ ಪರಿಯ ಸರಂಜಾಮು ಏಕೆ? ಅಗ್ಗದ ಫೋನು ಬಿಸಿಯಾಗಿ ನಿಲ್ಲುತ್ತದೆ, ಡೇಟಾ ಖರ್ಚಾಗುತ್ತದೆ, ಹಳ್ಳಿಯ ಸಿಗ್ನಲಿನಲ್ಲಿ ಬಿಳಿಯ ಪರದೆ ನೋಡುತ್ತ ಕೂರಬೇಕು. ಕಂಪನಿಯ ಸರ್ವರು ಮಾಡಬೇಕಾಗಿದ್ದ ದುಡಿಮೆ ಗಿರಾಕಿಯ ಫೋನಿನ ಮೇಲೆ ಬಿತ್ತು. ವಿದ್ಯುತ್ತೂ ಅವನದು, ಡೇಟಾವೂ ಅವನದು. ಈಚಿನ ತಮಾಷೆಯೆಂದರೆ ಅತ್ಯಂತ ಹೊಸಬರೇ ಈಗ ‘ಪುಟವನ್ನು ಸರ್ವರಿನಲ್ಲೇ ಸಿದ್ಧಪಡಿಸಿ ಕಳಿಸಬೇಕು’ ಎಂದು ಬೋಧಿಸುತ್ತಿದ್ದಾರೆ. ೧೯೯೫ರ ಪಿಎಚ್‌ಪಿಯವನು ಇದನ್ನು ಕೇಳಿ ಏನೆಂದುಕೊಳ್ಳುತ್ತಾನೋ!

ಉಪಕರಣ ಹಳೆಯದಾಗುವುದು ಯಾವಾಗಲೂ ಕಾಲಧರ್ಮದಿಂದಲೇ ಅಲ್ಲ. ಗೂಗಲ್ ಕಂಪನಿ ೨೦೧೦ರಲ್ಲಿ ಆಂಗುಲರ್‌ಜೆಎಸ್ ಎಂಬುದನ್ನು ಹೊರತಂದಿತು. ಲೋಕವೆಲ್ಲ ಅದನ್ನು ಕಲಿಯಿತು. ೨೦೧೬ರಲ್ಲಿ ಅದೇ ಕಂಪನಿ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಬುಡದಿಂದ ಬೇರೆಯಾದ ಉಪಕರಣವನ್ನು ಹೊರತಂದಿತು. ಹಳೆಯದರಲ್ಲಿ ಬರೆದದ್ದು ಹೊಸದರಲ್ಲಿ ನೇರವಾಗಿ ನಡೆಯದು. ೨೦೨೧ರ ಡಿಸೆಂಬರ್ ೩೧ಕ್ಕೆ ಹಳೆಯದರ ಪೋಷಣೆ ನಿಂತಿತು. ಐದು ವರ್ಷದ ಗಡುವು ಇತ್ತಲ್ಲ ಎನ್ನಬಹುದು. ದೊಡ್ಡ ಬ್ಯಾಂಕಿಗೆ ಆ ಗಡುವು ಸಾಕು. ಮೂವರು ಕೂತು ಕೆಲಸಮಾಡುವ ಸಣ್ಣ ಕಚೇರಿಗೆ ಮೊದಲು ಬರೆದದ್ದನ್ನೇ ಇನ್ನೊಮ್ಮೆ ಬರೆಯುವ ಬಿಟ್ಟಿ ಚಾಕರಿ ಅದು. ಗಿರಾಕಿ ಅದಕ್ಕೆ ಎರಡನೆಯ ಸಲ ಹಣ ಕೊಡನು.

ಜೆಕ್ವೆರಿಯ ಮೇಲೆ ಹರಿಯುವ ತಿರಸ್ಕಾರವಂತೂ ಅನ್ಯಾಯದ್ದು. ಜಾನ್ ರೆಸಿಗ್ ಎಂಬಾತ ಅದನ್ನು ೨೦೦೬ರಲ್ಲಿ ಮಾಡಿದಾಗ ಒಂದೊಂದು ಬ್ರೌಸರು ಒಂದೊಂದು ದಾರಿ ಹಿಡಿದಿತ್ತು. ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ನಡೆದದ್ದು ಇನ್ನೊಂದರಲ್ಲಿ ಮುರಿದುಬೀಳುತ್ತಿತ್ತು. ಕಂಪನಿಗಳ ಪೈಪೋಟಿಯಿಂದಾದ ಈ ಕಗ್ಗಂಟನ್ನು ಜೆಕ್ವೆರಿ ಬಿಡಿಸಿತು. ಅದರ ಒಳ್ಳೆಯ ಗುಣಗಳನ್ನು ಬ್ರೌಸರುಗಳೇ ಕಲಿತುಕೊಂಡ ಮೇಲೆ ಅದರ ಅಗತ್ಯ ಕಡಿಮೆಯಾಯಿತು, ಅಷ್ಟೆ. ಪ್ರೋಗ್ರಾಂ ಬರೆಯುವವರ ದೊಡ್ಡ ಕೂಟವಾದ ಗಿಟ್‌ಹಬ್ ತನ್ನ ಪುಟಗಳಿಂದ ಜೆಕ್ವೆರಿಯನ್ನು ತೆಗೆದದ್ದು ೨೦೧೮ರಲ್ಲಿ. ಒಂದು ರಾತ್ರಿಯಲ್ಲಿ ಕೆಡವಲಿಲ್ಲ. ವರ್ಷಗಟ್ಟಲೆ, ಒಂದೊಂದೇ ಮೊಳೆಯನ್ನು ಬಿಚ್ಚುತ್ತ, ಕೆಲಸವನ್ನು ನಿಲ್ಲಿಸದೆ ತೆಗೆದರು. ಮನೆ ಬದಲಾಯಿಸುವ ಮರ್ಯಾದೆಯ ರೀತಿ ಇದು. ನಮ್ಮಲ್ಲಿ ೧೯೫೭ರ ಏಪ್ರಿಲ್ ೧ರಂದು ನಯಾಪೈಸೆ ಬಂದಾಗಲೂ ಆಣೆಯನ್ನು ಮಾರನೆಯ ದಿನವೇ ಎಸೆಯಿರೆಂದು ಯಾರೂ ಹೇಳಲಿಲ್ಲ. ಕೆಲವು ಕಾಲ ಎರಡೂ ಜೊತೆಯಾಗಿ ಚಲಾವಣೆಯಲ್ಲಿದ್ದವು. ಸಂತೆಯ ಮುದುಕಿಯೂ ಲೆಕ್ಕ ಕಲಿಯಲು ಪುರಸತ್ತು ಸಿಕ್ಕಿತು.

ಹೀಗೆ ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯ ಹಿಂದೆ, ಉಪಕರಣದ ಯಜಮಾನಿಕೆ ಯಾರದು ಎಂಬ ಪ್ರಶ್ನೆ ನಿಂತಿದೆ. ಅದಕ್ಕೆ ೨೦೧೭ರಲ್ಲಿ ನಡೆದ ಒಂದು ಪ್ರಸಂಗ ಚೆನ್ನಾದ ಪಾಠ. ಫೇಸ್‌ಬುಕ್ ಕಂಪನಿ ರಿಯಾಕ್ಟ್ ಎಂಬ ಉಪಕರಣವನ್ನು ೨೦೧೩ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿತು. ಮರುವರ್ಷ ಅದರ ಕರಾರಿನಲ್ಲಿ ಒಂದು ಮುಳ್ಳು ಸೇರಿತು: ಬಳಸುವವರು ಫೇಸ್‌ಬುಕ್ಕಿನ ಮೇಲೆ ಪೇಟೆಂಟಿನ ದಾವೆ ಹೂಡಿದರೆ, ರಿಯಾಕ್ಟಿಗೆ ಸಂಬಂಧಿಸಿದ ಪೇಟೆಂಟಿನ ಅನುಮತಿ ಅವರಿಗೆ ರದ್ದಾಗುತ್ತದೆ. ‘ನನ್ನ ಬಾವಿಯ ನೀರು ಕುಡಿಯಿರಿ, ಆದರೆ ನನ್ನ ಮೇಲೆ ಫಿರ್ಯಾದು ಹಾಕಬೇಡಿ’ ಎಂದ ಹಾಗೆ. ಅಪಾಚೆ ಎಂಬ ಸ್ವತಂತ್ರ ತಂತ್ರಾಂಶ ಸಂಸ್ಥೆ ಆ ವರ್ಷದ ಜುಲೈಯಲ್ಲಿ, ಇಂಥ ಕರಾರಿನ ಸರಕು ನಮ್ಮ ಕೆಲಸಗಳಲ್ಲಿ ಕೂಡದು ಎಂದು ಘೋಷಿಸಿತು. ಆಗಸ್ಟಿನಲ್ಲಿ ಕಂಪನಿ, ಕರಾರನ್ನು ಬದಲಾಯಿಸುವುದಿಲ್ಲವೆಂದು ಉತ್ತರ ಕೊಟ್ಟಿತು. ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್ಸಿನವರು, ಹಾಗಾದರೆ ನಾವು ರಿಯಾಕ್ಟನ್ನು ಬಿಡುತ್ತೇವೆ, ಬರೆದದ್ದನ್ನು ತಿರುಗಿ ಬರೆಯುತ್ತೇವೆ ಎಂದರು. ಒಂದೆರಡು ವಾರದೊಳಗೆ ಫೇಸ್‌ಬುಕ್ ಮುಳ್ಳನ್ನು ಕಿತ್ತು, ಯಾವ ಷರತ್ತೂ ಕಾಡದ ಎಂಐಟಿ ಕರಾರಿನಲ್ಲಿ ರಿಯಾಕ್ಟನ್ನು ಬಿಟ್ಟುಕೊಟ್ಟಿತು. ಬಾಗಿದ್ದು ಅಷ್ಟು ದೊಡ್ಡ ಕಂಪನಿ. ಬಾಗಿಸಿದ್ದು ಬಹುಮಂದಿಯ ‘ಒಲ್ಲೆವು’ ಎಂಬ ಮಾತು. ಹಳಬರು ಹೊಸಬರು ಎಂದು ಹರಟುವ ಹೊತ್ತಿನಲ್ಲಿ ನೂರರಲ್ಲೊಂದು ಪಾಲನ್ನು ಇಂಥ ಒಗ್ಗಟ್ಟಿಗೆ ಕೊಟ್ಟರೂ ಈ ಕಸುಬಿನವರು ಎಷ್ಟೋ ಸಾಧಿಸಿಯಾರು.

ಎಲ್ಲರ ಬಾವಿಯಾದರೆ ಹೂಳೆತ್ತುವವರು ಯಾರು ಎಂಬ ಮಾತೂ ಇದೆ. ೨೦೧೪ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ದೊಡ್ಡ ತೂತು ಸಿಕ್ಕಿತು. ಲೋಕದ ವೆಬ್ ಪುಟಗಳಲ್ಲಿ ಬಹುಪಾಲಿನ ಬೀಗ ಅದರ ಮೇಲೆಯೇ ನಿಂತಿತ್ತು. ಆಗ ತಿಳಿದುಬಂದದ್ದು, ಅದನ್ನು ನೋಡಿಕೊಳ್ಳುವ ಬಳಗಕ್ಕೆ ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು ಎರಡು ಸಾವಿರ ಡಾಲರು ಎಂಬ ಸಂಗತಿ. ಲಕ್ಷ ಕೋಟಿಯ ವ್ಯಾಪಾರ ನಡೆಸುವ ಕಂಪನಿಗಳು ಆ ಬೀಗವನ್ನು ಬಿಟ್ಟಿಯಾಗಿ ಬಳಸುತ್ತಿದ್ದವು. ಪಿಎಚ್‌ಪಿಯ ಗತಿಯೂ ಬಹುಕಾಲ ಬೆರಳೆಣಿಕೆಯ ಜನರ ಶ್ರಮದಲ್ಲಿಯೇ ಇತ್ತು. ಅವರಲ್ಲಿ ಮುಖ್ಯನಾದ ಒಬ್ಬ ೨೦೨೧ರಲ್ಲಿ ಬೇರೆ ಕೆಲಸಕ್ಕೆ ಹೊರಟಾಗ ಎಲ್ಲರಿಗೂ ಗಾಬರಿಯಾಯಿತು. ನವೆಂಬರಿನಲ್ಲಿ ಕೆಲವು ಕಂಪನಿಗಳು ಹಣ ಹಾಕಿ ಪಿಎಚ್‌ಪಿ ಫೌಂಡೇಷನ್ ಸ್ಥಾಪಿಸಿ, ಕೆಲಸಗಾರರಿಗೆ ಸಂಬಳ ಕೊಡತೊಡಗಿದವು. ಇಪ್ಪತ್ತಾರು ವರ್ಷ ಉಂಡಮೇಲೆ ಅಡಿಗೆಯವನ ನೆನಪಾಯಿತು.

ಹೊಸ ಪದ್ಧತಿಯ ಅಗತ್ಯ ಕನ್ನಡಕ್ಕೇ ತಟ್ಟಿದ ವಿಷಯವೊಂದಿದೆ. ಒಂದು ಕಾಲಕ್ಕೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೆಂದರೆ ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕುವುದು. ನುಡಿ, ಬರಹ, ಪತ್ರಿಕೆಗಳ ಸ್ವಂತ ಫಾಂಟುಗಳು ಎಲ್ಲವೂ ಹಾಗೆಯೇ ಇದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಇಂಗ್ಲಿಷ್ ಅಕ್ಷರದ ಕಸ ಕಾಣುತ್ತಿತ್ತು. ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ನಂಬರು ಕೊಟ್ಟ ಯೂನಿಕೋಡ್ ೧೯೯೧ರಲ್ಲೇ ಹೊರಬಂದಿತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟು ೨೦೦೧ರಲ್ಲಿ ಬಂತು. ಇಂದು ರೈತನ ಫೋನಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆಂದರೆ ಇದರ ಪ್ರಸಾದ. ಇಲ್ಲಿ ‘ಹಳೆಯದೇ ಸಾಕು’ ಎಂದು ಕುಳಿತಿದ್ದರೆ ಕನ್ನಡ ಕೆಟ್ಟಿತ್ತು.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ಜಿಲ್ಲಾ ಊರುಗಳ ಮುದ್ರಣಾಲಯಗಳಲ್ಲಿ ಡಿಟಿಪಿ ಮಾಡುವವರು ಕಲಿತದ್ದು ಪೇಜ್‌ಮೇಕರಿನಲ್ಲಿ. ೨೦೦೧ರ ನಂತರ ಅದರ ಹೊಸ ಆವೃತ್ತಿ ಬರಲೇ ಇಲ್ಲ. ಯೂನಿಕೋಡ್ ಕನ್ನಡ ಅದರಲ್ಲಿ ಕೂರುವುದೂ ಇಲ್ಲ. ಹೊಸ ತಂತ್ರಾಂಶಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಮದುವೆಯ ಕರೆಯೋಲೆ, ಬಿಲ್ಲುಪುಸ್ತಕ ಅಚ್ಚುಹಾಕಿ ಬದುಕುವವನು ಎಲ್ಲಿಂದ ತರಬೇಕು? ಆದ್ದರಿಂದ ಹಳೆಯ ಫಾಂಟಿನಲ್ಲಿ ಟೈಪು ಮಾಡುತ್ತಾನೆ. ವೆಬ್ ಪುಟಕ್ಕೆ ಬೇಕೆಂದರೆ ಪರಿವರ್ತಕದಲ್ಲಿ ಹಾಕಿ ತಿರುಗಿಸಿ, ಒತ್ತಕ್ಷರ ಕೆಟ್ಟಲ್ಲಿ ಕೈಯಿಂದ ತಿದ್ದುತ್ತಾನೆ. ಆ ಪರಿವರ್ತಕಗಳನ್ನೂ ಮಾಡಿಕೊಟ್ಟವರಲ್ಲಿ ಸಂಬಳವಿಲ್ಲದೆ ದುಡಿದ ಕನ್ನಡದ ಹುಡುಗರಿದ್ದಾರೆ. ಇಂಥವನನ್ನು ‘ಇನ್ನೂ ಹಳೆಯದರಲ್ಲೇ ಇದ್ದಾನೆ’ ಎಂದು ನಗುವವರ ಬಗ್ಗೆ ನನಗೆ ಮರ್ಯಾದೆಯಿಲ್ಲ. ಅವನಿಗೆ ಬೇಕಾದದ್ದು ಕಲಿಯಲು ಬಿಡುವು ಮತ್ತು ಕೈಗೆಟುಕುವ ಉಪಕರಣ. ಕಂಪ್ಯೂಟರ್ ಕಂಪನಿಯ ನೌಕರನಿಗೂ ಇದೇ ಮಾತು ಸಲ್ಲುತ್ತದೆ. ಧಣಿ ಉಪಕರಣ ಬದಲಾಯಿಸಿದರೆ ಕಲಿಯುವ ಹೊತ್ತು ಕೆಲಸದ ಹೊತ್ತಿನಲ್ಲೇ ಸೇರಬೇಕು. ಈಗ ನಡೆಯುತ್ತಿರುವುದು ಬೇರೆ. ಹಗಲೆಲ್ಲ ಹಳೆಯದರಲ್ಲಿ ದುಡಿಸಿಕೊಂಡು, ರಾತ್ರಿ ನಿದ್ದೆಗೆಟ್ಟು ಹೊಸದನ್ನು ಸ್ವಂತ ಖರ್ಚಿನಲ್ಲಿ ಕಲಿತುಬಾ ಎನ್ನುತ್ತಾರೆ. ಕಲಿಯದ ನಲವತ್ತರವನನ್ನು ‘ಹಳಬ’ ಎಂದು ಹೊರಗೆ ಹಾಕಿ, ಅರ್ಧ ಸಂಬಳಕ್ಕೆ ಇಪ್ಪತ್ತೆರಡರವನನ್ನು ತರುತ್ತಾರೆ. ಆ ಇಪ್ಪತ್ತೆರಡರವನೇ ಹಳಬನನ್ನು ಹೀಯಾಳಿಸುವ ಗುಂಪಿನ ಮುಂದೆ ನಿಂತಿರುವುದು ದುಃಖದ ಸಂಗತಿ. ಅವನು ಇಂದು ಹೆಮ್ಮೆಪಡುವ ಉಪಕರಣಕ್ಕೂ ಆಂಗುಲರ್‌ಜೆಎಸ್ಸಿಗೆ ಬಂದ ಹಾಗೆ ಒಂದು ಡಿಸೆಂಬರ್ ೩೧ ಬರುತ್ತದೆ.

ಇನ್ನು ಅಂಗಡಿಯವರಿಗೆ ಸಂಬಂಧಿಸಿದ ಮಾತು. ೨೦೧೦ರ ಸುಮಾರಿಗೆ ಪರಿಚಯದ ಹುಡುಗನಿಂದ ನಾಲ್ಕು ಕಾಸು ಕೊಟ್ಟು ವೆಬ್ ಪುಟ ಮಾಡಿಸಿಕೊಂಡವರು ಅನೇಕರು. ಪಿಎಚ್‌ಪಿ ೫.೬ಕ್ಕೆ ರಕ್ಷಣೆಯ ತಿದ್ದುಪಡಿ ಕೊಡುವುದು ೨೦೧೮ರ ಡಿಸೆಂಬರ್ ೩೧ಕ್ಕೆ ನಿಂತಿತು. ಸರ್ವರ್ ಬಾಡಿಗೆಯವರು ಹಳೆಯದನ್ನು ತೆಗೆದು ಹೊಸದನ್ನು ಹಾಕಿದಲ್ಲೆಲ್ಲ, ಹಳೆಯ ಸಾಧನದಲ್ಲಿ ಬರೆದ ಪುಟಗಳು ಅಲ್ಲಿಗೇ ನಿಂತವು. ಬರೆದುಕೊಟ್ಟ ಹುಡುಗ ಬೆಂಗಳೂರು ಸೇರಿ ಫೋನ್ ನಂಬರು ಬದಲಾಗಿರುತ್ತದೆ. ಆಗ ಬರುವ ಹೊಸಬ ಒಂದು ನೋಟ ನೋಡಿ, ‘ಇದೆಲ್ಲ ಓಬೀರಾಯನ ಕಾಲದ್ದು, ಪೂರ್ತಿ ಹೊಸದು ಮಾಡಬೇಕು’ ಎಂದು ದೊಡ್ಡ ಮೊತ್ತ ಹೇಳುತ್ತಾನೆ. ಒಪ್ಪುವ ಮೊದಲು ಅವನನ್ನು ಕೇಳಿ: ಇದರಲ್ಲಿ ಕೇಡು ತರುವುದು ಯಾವುದು, ಬರಿಯ ಹಳೆಯದು ಯಾವುದು? ಗಿರಾಕಿ ತುಂಬುವ ಅಕ್ಷರವನ್ನು ಆಜ್ಞೆಯ ಜೊತೆ ಅಂಟಿಸಿರುವ ಜಾಗಗಳನ್ನು ಮಾತ್ರ ಚೌಕದ ಪದ್ಧತಿಗೆ ತಂದರೆ ಎಷ್ಟಾಗುತ್ತದೆ? ಚಿಕ್ಕ ಪುಟವಾದರೆ ಅದು ಕೆಲವು ದಿನಗಳ ಕೆಲಸ. ಪ್ರಾಮಾಣಿಕ ಕಸುಬುದಾರ ಹಾಗೆಂದು ಹೇಳಿಯೇ ಹೇಳುತ್ತಾನೆ. ಪುಟದ ಹೆಸರಿನ ನೋಂದಣಿ ನಿಮ್ಮ ಹೆಸರಿನಲ್ಲೇ ಇರಲಿ. ಬರೆದ ಕಡತಗಳ ಪೂರ್ತಿ ಪ್ರತಿ ನಿಮ್ಮ ಅಂಗಡಿಯ ಪೆನ್‌ಡ್ರೈವಿನಲ್ಲೂ ಇರಲಿ. ವರ್ಷಕ್ಕೊಮ್ಮೆ ತೇಪೆ ಹಾಕುವವರು ಯಾರು, ಅದಕ್ಕೆ ಎಷ್ಟು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಆ ಹಣವನ್ನು ಮಾತ್ರ ಚೌಕಾಸಿ ಮಾಡದೆ ಕೊಡಿ. ಅದು ಅವನ ಕೂಲಿ.